ಎಡಗೈ ಗುಲಾಬಿ

ಹದಿನಾಲ್ಕನೇ ನಂಬರು, ಚರ್ಚಿನ ಹಿಂದಿನ ಸಾಲುಮನೆ,
ಬ್ರಾನ್‌ಸ್ಟನ್
ಮಾರ್ಚ್ ೧೨, ೧೯೬೭, ಭಾನುವಾರ

ನನ್ನ ಮುದ್ದು ಹೆಸ್ಟರ್,

ನಿನ್ನ ಕಾಗದ ಜನವರಿಯಲ್ಲಿ ಬಂತು. ಎಂಟು ವಾರ ಆಯಿತು. ಅಜ್ಜಿ ಸತ್ತಳೋ ಏನೋ ಎಂದು ನೀನು ಅಂದುಕೊಂಡಿದ್ದರೆ ತಪ್ಪಿಲ್ಲ, ನಾನೂ ದಿನಕ್ಕೆರಡು ಸಲ ಹಾಗೇ ಅಂದುಕೊಳ್ಳುತ್ತೇನೆ. ಸತ್ತಿಲ್ಲ. ಕೈಗೂ ಏನೂ ಆಗಿಲ್ಲ. ಮೇಜಿನ ಮುಂದೆ ಕೂತು ತಾರೀಖು ಹಾಕುವುದು, ಎದ್ದುಹೋಗಿ ಆಲೂಗಡ್ಡೆ ಸಿಪ್ಪೆ ತೆಗೆಯುವುದು, ಬರೀ ಇದೇ ಆಯಿತು. ನಾಲ್ಕು ಹಾಳೆ ಹಾಳಾದವು. ಇದು ಐದನೆಯದು. ಇವತ್ತು ಆಲೂಗಡ್ಡೆಯನ್ನು ಮೊದಲೇ ಬೇಯಿಸಿ ಇಟ್ಟು ಕೂತಿದ್ದೇನೆ, ಎದ್ದುಹೋಗಲು ನೆಪ ಇರಬಾರದು ಎಂದು.

ಮೇ ತಿಂಗಳಲ್ಲಿ ನಿನಗೆ ಹೆರಿಗೆ ಎಂದು ಓದಿದೆ. ನಿನ್ನಜ್ಜನಿಗೂ ಓದಿ ಹೇಳಿದೆ. ಕಾಲು ಊದಿಕೊಂಡರೆ ದಿಂಬಿನ ಮೇಲೆ ಇಟ್ಟುಕೊಂಡು ಮಲಗು. ನಿನ್ನತ್ತೆ ಏನಾದರೂ ಗೊಣಗಿದರೆ ಅಜ್ಜಿ ಹೇಳಿದಳು ಅನ್ನು. ನನ್ನ ನಾಲಿಗೆ ಎಂಥದು ಎಂದು ಅವರಿಗೆ ನಿನ್ನ ಮದುವೆಯ ದಿನವೇ ಗೊತ್ತಾಗಿದೆ.

ನೀನು ಹುಟ್ಟಿದಂದಿನಿಂದ ನನ್ನನ್ನು ಕೇಳಿದ್ದು ಒಂದೇ ಒಂದು ಸಾಮಾನು. ಅಮ್ಮನ ಮುಖ ನೆನಪಿಲ್ಲ, ಒಂದು ಫೋಟೋ ಇಲ್ಲ, ಅವಳ ಕೈಯಿಂದ ಆದದ್ದು ಎಂದು ಉಳಿದಿರುವುದು ದೋಣಿಮನೆಯ ಆ ಎರಡು ಬಾಗಿಲು ಮಾತ್ರ, ಅವನ್ನು ತೊಟ್ಟಿಲ ಪಕ್ಕದ ಗೋಡೆಗೆ ಹಾಕಿಕೊಳ್ಳುತ್ತೇನೆ, ಇದ್ದ ಹಾಗೇ ಕಳಿಸು ಅಜ್ಜಿ, ಎಂದು ಬರೆದಿದ್ದೀಯ. ‘ಇದ್ದ ಹಾಗೇ’ ಎನ್ನುವುದರ ಕೆಳಗೆ ಗೀಟು ಎಳೆದಿದ್ದೀಯ.

ಬಾಗಿಲುಗಳನ್ನು ನಾಳೆ ರೈಲಿಗೆ ಹಾಕಿಸುತ್ತೇನೆ. ಅವುಗಳಿಗಿಂತ ಮುಂಚೆ ಈ ಕಾಗದ ನಿನ್ನ ಕೈಗೆ ಸಿಗಬೇಕು. ನೀನು ಮೂಟೆ ಬಿಚ್ಚಿ ಸಂತೋಷಪಟ್ಟು, ಆಮೇಲೆ ಇದನ್ನು ಓದುವ ಹಾಗೆ ಆಗಬಾರದು.

ಅವುಗಳ ಮೇಲಿನ ಚಿತ್ರವನ್ನು ನಿನ್ನಮ್ಮ ಬಿಡಿಸಿದ್ದು ಹೇಗೆ ಎಂದು ಮೊದಲು ಹೇಳುತ್ತೇನೆ. ಇದನ್ನು ನಿನಗೆ ಯಾರೂ ಹೇಳಿರಲಾರರು. ಕಾವೆಂಟ್ರಿಯಲ್ಲಿ ನಿನ್ನನ್ನು ಸಾಕಿದ ನಿನ್ನ ಸೋದರತ್ತೆಗೆ ನಮ್ಮಂಥ ದೋಣಿಯವರು ಎಂದರೆ ಮೂಗು ಮುಚ್ಚಿಕೊಳ್ಳುವ ವಿಷಯ. ಆದರೂ ನಿನ್ನನ್ನು ಚೆನ್ನಾಗಿ ಸಾಕಿದಳು, ಅದಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದೇನೆ.

ಅದು ನಲವತ್ತೇಳರ ಹಿಮಗಾಲ. ಗಣಿಯಿಂದ ಕಲ್ಲಿದ್ದಲು ತುಂಬಿಕೊಂಡು ಲಂಡನ್ ಕಡೆಯ ಕಾಗದದ ಕಾರ್ಖಾನೆಗೆ ಹೊರಟಿದ್ದೆವು. ಮುಂದೆ ಎಂಜಿನ್ ದೋಣಿಯಲ್ಲಿ ನಿನ್ನಜ್ಜ ಈನಾಕ್, ಜೊತೆಗೆ ನಿನ್ನಪ್ಪ. ಅದರ ಹಿಂದೆ ಹಗ್ಗಕ್ಕೆ ಕಟ್ಟಿದ್ದ ನಮ್ಮ ‘ವರ್ಬೀನಾ’ದಲ್ಲಿ ನಾನು, ನಿನ್ನಮ್ಮ ಸೆಲೀನಾ, ನೀನು. ನಿನಗೆ ಆಗ ನಾಲ್ಕು ತಿಂಗಳು. ಕಾಲುವೆಯ ನೀರು ಒಂದೇ ವಾರದಲ್ಲಿ ಕಲ್ಲಾಯಿತು. ಸರಿಯಾಗಿ ಅಬ್ನರ್‌ನ ಶೆಡ್ಡಿನ ಎದುರಿಗೆ ಸಿಕ್ಕಿಹಾಕಿಕೊಂಡೆವು. ಏಳು ವಾರ ಒಂದಡಿ ಆಚೆ ಈಚೆ ಇಲ್ಲ. ಅಬ್ನರ್ ದೋಣಿಗಳಿಗೆ ಬಣ್ಣ ಹಾಕುವವನು. ಅವನ ಅಪ್ಪನೂ ಅದೇ ಶೆಡ್ಡಿನಲ್ಲಿ ಅದೇ ಕೆಲಸ ಮಾಡಿದವನು. ಆ ಕಾಲುವೆಯ ಮೇಲೆ ಓಡಾಡುವ ಅರ್ಧಕ್ಕರ್ಧ ದೋಣಿಗಳ ಗುಲಾಬಿ ಅವರ ಮನೆತನದ ಗುಲಾಬಿಯೇ.

ನಿನ್ನಪ್ಪ ಹಿಮ ಕರಗಿದ ಮೇಲೆ ಬರುತ್ತೇನೆ ಎಂದು ಕಾವೆಂಟ್ರಿಗೆ, ತನ್ನ ಹಳೆಯ ಸೈಕಲ್ ಕಾರ್ಖಾನೆಗೆ ಹೋದ. ನಿನ್ನಮ್ಮ ನಿನ್ನನ್ನು ಶಾಲಿನಲ್ಲಿ ಕಟ್ಟಿಕೊಂಡು ದಿನಾ ಅಬ್ನರ್‌ನ ಶೆಡ್ಡಿಗೆ ಹೋಗಿ ನಿಲ್ಲತೊಡಗಿದಳು. ಅಬ್ನರ್ ಒಂದು ದಿನ ಕೇಳಿದನಂತೆ:

“ದಿನಾ ಬಂದು ನಿಂತ್ಕೋತೀಯಲ್ಲೇ ಹುಡ್ಗಿ, ಈ ಬಣ್ಣದ ವಾಸ್ನೆಗೆ ತಲೆ ತಿರ್ಗಲ್ವಾ?”

“ಅಲ್ಲಿ ಅಮ್ಮನ ಬಾಯಿ ಕೇಳೋದಕ್ಕಿಂತ ಈ ವಾಸ್ನೇನೇ ವಾಸಿ, ಅಬ್ನರ್ ಮಾವ.”

ಇದನ್ನು ಅಬ್ನರ್ ನನ್ನ ಎದುರಿಗೇ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ಹತ್ತಡಿ ಉದ್ದ ಏಳಡಿ ಅಗಲದ ಮನೆ ಅದು. ಒಲೆ, ಹಾಸಿಗೆ, ಪಾತ್ರೆ, ಒದ್ದೆ ಬಟ್ಟೆ, ಕೂಸು ಎಲ್ಲ ಅದರಲ್ಲೇ. ಅಷ್ಟು ಜಾಗದಲ್ಲಿ ಏಳು ವಾರ ಬಾಯಿ ಮುಚ್ಚಿಕೊಂಡು ಇರುವ ಹೆಂಗಸು ಯಾರಾದರೂ ಇದ್ದರೆ ನನಗೆ ತೋರಿಸು.

ಅವನು ಅವಳ ಕೈಗೆ ಒಂದು ಹಳೆಯ ಕುಂಚ ಕೊಟ್ಟ. ಅವಳು ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು. ಅವಳು ಮಾಡುತ್ತಿದ್ದದ್ದೆಲ್ಲ ಎಡಗೈಯಲ್ಲೇ. ಚಿಕ್ಕವಳಿದ್ದಾಗ ಆ ಕೈಗೆ ಎಷ್ಟು ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ.

“ಬಲಗೈಗೆ ತಗೊಳ್ಳೇ. ಎಡಗೈಲಿ ಗುಲಾಬಿ ಬರಲ್ಲ.”

“ನೀನು ಎಡಗೈಲಿ ಒಂದು ಬಿಡಿಸಿ ತೋರ್ಸು ಮಾವ. ಆಮೇಲೆ ನಾನು ಬಲಗೈಲಿ ಬಿಡಿಸ್ತೀನಿ.”

ಅವನು ಬಣ್ಣದ ಡಬ್ಬಿಯನ್ನು ಅವಳ ಎಡಕ್ಕೆ ಸರಿಸಿಟ್ಟ. ಈ ಕೆಲಸ ನೋಡಲು ಸುಲಭ. ಮೊದಲು ಕಡು ಬಣ್ಣದ ಉಂಡೆಗಳನ್ನು ಇಟ್ಟುಕೊಂಡು ಹೋಗಬೇಕು, ಕೆಂಪು ಹೂವಿಗೆ ಕಂದುಗೆಂಪು, ಹಳದಿ ಹೂವಿಗೆ ಮಣ್ಣಿನ ಬಣ್ಣ. ಅದು ಒಣಗಿದ ಮೇಲೆ ಒಂದೊಂದು ಎಸಳಿಗೂ ಒಂದೇ ಎಳೆತ. ಕುಂಚ ಎತ್ತಿದ ಮೇಲೆ ಮತ್ತೆ ಅಲ್ಲಿಗೆ ಹೋಗಿ ತಿದ್ದುವ ಹಾಗಿಲ್ಲ. ತಿದ್ದಿದರೆ ಗುಲಾಬಿ ಹೋಗಿ ಗಾಯದ ಹಾಗೆ ಕಾಣುತ್ತದೆ. ನಿನ್ನಮ್ಮ ಒಂದು ವಾರ ಹಲಗೆ ಚೂರುಗಳ ಮೇಲೆ ಬರೀ ಗಾಯಗಳನ್ನೇ ಮಾಡಿದಳು. ಅವನ್ನೆಲ್ಲ ಒಲೆಗೆ ಹಾಕಿ ಚಹಾ ಕಾಯಿಸಿದೆವು. ಆಮೇಲೆ ಒಂದು ದಿನ ಗುಲಾಬಿ ಬಂತು. ಆದರೆ ಎಡಗೈಯಲ್ಲವೇ, ಎಸಳುಗಳೆಲ್ಲ ಉಲ್ಟಾ ಕಡೆಗೆ ಸುತ್ತಿಕೊಂಡಿದ್ದವು. ಗಾಳಿಗೆ ಬೆನ್ನು ಕೊಟ್ಟು ನಿಂತ ಹಾಗೆ. ಅಬ್ನರ್ ಅದನ್ನು ನೋಡಿ ನೋಡಿ, “ತಪ್ಪಾಗಿದೆ, ಆದ್ರೆ ತಪ್ಪೇ ಚೆನ್ನಾಗಿದೆ” ಎಂದ.

ಆ ಫೆಬ್ರವರಿಯಲ್ಲಿ ಅವಳು ವರ್ಬೀನಾದ ಎರಡು ಬಾಗಿಲನ್ನೂ ಒಳಮೈಗೆ ಬಿಡಿಸಿದಳು. ತೆರೆದಿಟ್ಟರೆ ಕಾಲುವೆ ದಂಡೆಯವರಿಗೆಲ್ಲ ಕಾಣುವ ಮೈ ಅದೇ. ಒಂದೊಂದರಲ್ಲೂ ಕೆಳಗೆ ಗುಲಾಬಿ ಗೊಂಚಲು, ಮೇಲೆ ಕೋಟೆ, ಕೋಟೆಯ ಮುಂದೆ ಕೆರೆ, ಕೆರೆಗೆ ಸೇತುವೆ, ಹಿಂದೆ ನೀಲಿ ಗುಡ್ಡ. ಬಿಡಿಸುವಾಗ ಬಾಗಿಲನ್ನು ತಿರುಪು ಬಿಚ್ಚಿ ಅಬ್ನರ್‌ನ ಶೆಡ್ಡಿಗೆ ತೆಗೆದುಕೊಂಡು ಹೋಗಿದ್ದಳು. ಆ ಜಾಗಕ್ಕೆ ಗೋಣಿ ಕಟ್ಟಿಕೊಂಡು ನಾನು ಚಳಿಯಲ್ಲಿ ನಡುಗುತ್ತ, ಇವಳು ಯಾವಾಗ ಮುಗಿಸುತ್ತಾಳೋ ಎಂದು ಬೈಯುತ್ತ ಕೂತಿದ್ದೆ. ಮುಗಿಸಿ ತಂದಾಗ ನಾನು ಹೇಳಿದ್ದು ಇಷ್ಟೇ: “ಗೋಣಿಗಿಂತ ಪರವಾಗಿಲ್ಲ.” ಅವಳ ಕೆಲಸವನ್ನು ನಾನು ಹೊಗಳಿದ್ದು ಅದೊಂದೇ ಸಲ.

ಮೊನ್ನೆ ಬೇಸಿಗೆಯಲ್ಲಿ ಗಡ್ಡದವನೊಬ್ಬ ಕ್ಯಾಮೆರಾ ನೇತುಹಾಕಿಕೊಂಡು ಬಂದಿದ್ದ, ನಮ್ಮಂಥವರ ಮೇಲೆ ಪುಸ್ತಕ ಬರೆಯುತ್ತಾನಂತೆ. ಈ ಗುಲಾಬಿ, ಕೋಟೆ ಎಲ್ಲಿಂದ ಬಂದವು ಅಜ್ಜಿ, ಜಿಪ್ಸಿಗಳಿಂದಲೋ, ಹಾಲೆಂಡಿನವರಿಂದಲೋ ಎಂದು ಕೇಳಿದ. “ಬಣ್ಣದ ಡಬ್ಬಿಯಿಂದ ಬಂದ್ವು ಕಣಪ್ಪ” ಎಂದೆ. ಬರೆದುಕೊಂಡ. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದದ್ದು, ರೈಲು ಬಂದು ಸಾಗಣೆಯ ಕೂಲಿ ಇಳಿದ ಮೇಲೆ ಗಂಡಸರಿಗೆ ದಂಡೆಯ ಮೇಲೆ ಮನೆ ಬಾಡಿಗೆ ಕೊಡಲು ಆಗಲಿಲ್ಲ, ಹೆಂಡತಿ ಮಕ್ಕಳನ್ನೂ ದೋಣಿಗೇ ಹತ್ತಿಸಿಕೊಂಡರು. ಆ ಹೆಂಗಸರು ತೋಟ ಬಿಟ್ಟು ಬಂದವರು. ಅದಕ್ಕೆ ತೋಟವನ್ನು ಬಾಗಿಲಿಗೆ ಬರೆಸಿಕೊಂಡರು. ಕೋಟೆಗಳನ್ನು ಮಾತ್ರ ಯಾರು ಬಿಟ್ಟು ಬಂದರೋ, ನಮ್ಮ ಕಡೆಯವರು ಯಾರೂ ಕೋಟೆಯಲ್ಲಿ ಇದ್ದವರಲ್ಲ.

ಈಗ ಮುಖ್ಯವಾದದ್ದು. ನೀನು ದಂಡೆಯ ಮೇಲೆ ಬೆಳೆದವಳು, ನಿನಗೆ ಇದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಮ್ಮಲ್ಲಿ ಹಳೆಯ ಬಣ್ಣವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆ ಎಳೆದು, ತಳಕ್ಕೆ ಡಾಂಬರು ಬಳಿದು, ಮನೆಯ ಬಣ್ಣವನ್ನೆಲ್ಲ ಕೆರೆದು ಹೊಸದಾಗಿ ಬರೆಸುವುದು. ಯಾರು ಬರೆದ ಹೂವಾದರೂ ಅಷ್ಟೇ, ಅದರ ಮೇಲೆ ಇನ್ನೊಂದು ಹೂವು. ಮಾಸಿದ ಬಾಗಿಲು ಎಂದರೆ ಸೋಮಾರಿ ಹೆಂಗಸು. ತಲೆ ಬಾಚದೆ ಚರ್ಚಿಗೆ ಹೋದ ಹಾಗೆ. ಈ ವಿಷಯದಲ್ಲಿ ನನ್ನ ಬಾಯಿ ಎಲ್ಲರಿಗಿಂತ ಜೋರು. ದೋಣಿಗಳನ್ನು ಏರಿಸಿ ಇಳಿಸುವ ಲಾಕಿನ ಹತ್ತಿರ ಸಾಲಾಗಿ ಕಾಯುತ್ತಿದ್ದಾಗ ಮುಂದಿನ ದೋಣಿಯ ಕೆಜಾಯಾಳ ಬಾಗಿಲು ನೋಡಿ, ಎಲ್ಲರಿಗೂ ಕೇಳುವ ಹಾಗೆ, “ಏನೇ ಕೆಜಾಯಾ, ಅದು ಗುಲಾಬಿನೋ ಎಲೆಕೋಸೋ?” ಎಂದು ಕೂಗಿದವಳು ನಾನು. ಅವಳು ಆಮೇಲೆ ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ.

ನಲವತ್ತೆಂಟರ ನವೆಂಬರಿನಲ್ಲಿ ನಿನ್ನಮ್ಮ ಹೋದಳು. ಅದೂ ಲಾಕಿನಲ್ಲಿಯೇ. ನೀರು ತಡೆಯುವ ಗೇಟಿನ, ಮಳೆಯಲ್ಲಿ ನೆನೆದ ಮರದ ತೊಲೆಯ ಮೇಲೆ ದಾಟುತ್ತಿದ್ದಳು, ದಿನಕ್ಕೆ ಇಪ್ಪತ್ತು ಸಲ ದಾಟುವ ಮರ. ಕಾಲು ಜಾರಿತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ನಿನಗೆ ಎರಡು ವರ್ಷ. ಮಣ್ಣು ಮಾಡಿದ ಮರುದಿನ ನಿನ್ನಪ್ಪ ನಿನ್ನನ್ನು ಎತ್ತಿಕೊಂಡು ಅಕ್ಕನ ಮನೆಗೆ ಹೋದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ನೀರಿನ ಮೇಲೆ ಮಗುವನ್ನು ಬಿಟ್ಟು ಹೋಗು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಅವನು ಆಮೇಲೆ ಕೆನಡಾಕ್ಕೆ ಹೋದ. ಅವನ ಕಾಗದ ನಿನಗಾದರೂ ಬಂತೋ ಇಲ್ಲವೋ.

ಅಲ್ಲಿಂದ ಮುಂದೆ ವರ್ಬೀನಾ ನಾಲ್ಕು ಸಲ ಬಣ್ಣಕ್ಕೆ ಹೋಯಿತು. ನಾಲ್ಕು ಸಲವೂ ನಿನ್ನಜ್ಜ ತಿರುಪು ಬಿಚ್ಚಿ ಆ ಎರಡು ಬಾಗಿಲನ್ನು ಬೇರೆ ತೆಗೆದಿಟ್ಟ.

“ಬಾಗ್ಲು ಬಿಟ್ಬಿಡು.”

“ಯಾಕೆ? ಜನ ನನ್ನನ್ನ ಆಡ್ಕೊಳ್ಳೋಕಾ?”

“ಬಿಟ್ಬಿಡು ಅಂದ್ನಲ್ಲ.”

ನಿನ್ನಜ್ಜ ಮಾತೆತ್ತುವುದೇ ಕಡಿಮೆ. ಎತ್ತಿದರೆ ಅಲ್ಲಿಗೆ ಮುಗಿಯಿತು. ಹೊಸ ಬಣ್ಣದ ಮನೆಗೆ ಹೊಗೆ ಹಿಡಿದ ಎರಡು ಬಾಗಿಲು, ವಾರ್ನಿಷ್ ಕಪ್ಪಿಟ್ಟು ಹೂವು ಯಾವುದು ಎಲೆ ಯಾವುದು ಗೊತ್ತಾಗದು. ಕೆಜಾಯಾ ಕಾದು ಕೂತಿದ್ದಳು. ಒಂದು ದಿನ ಎದುರಿಗೆ ಬರುವಾಗ ಕೂಗಿಯೇ ಬಿಟ್ಟಳು: “ಥರ್ಜಾ, ಟೀ ಕಾಯ್ಸೋ ಪಾತ್ರೆ ಒಳಗಡೆ ಹಂಗಿದೆ ಕಣೇ ನಿನ್ನ ಬಾಗ್ಲು!” ಎರಡೂ ದಂಡೆಯವರು ನಕ್ಕರು. ನಾನು ಹದಿನೈದು ವರ್ಷ ಆ ಬಾಗಿಲನ್ನು ತೆರೆದಿಡದೆ ಅರ್ಧ ಮುಚ್ಚಿಟ್ಟುಕೊಂಡು ದೋಣಿ ನಡೆಸಿದೆ, ಹೆಸ್ಟರ್. ಸತ್ತ ಮಗಳ ಕೈಕೆಲಸವನ್ನು ನಾಚಿಕೆಗೆ ಮುಚ್ಚಿಟ್ಟವಳು ನಾನು.

ಸರ್ಕಾರ ಕಾಲುವೆಗಳನ್ನು ತೆಗೆದುಕೊಂಡ ಮೇಲೆ ಎಲ್ಲ ದೋಣಿಗೂ ಒಂದೇ ನೀಲಿ, ಒಂದೇ ಹಳದಿ. ಗುಲಾಬಿ ಬೇಕೆಂದು ಜಗಳ ಮಾಡಿದರೆ ಅಂಟಿಸುವ ಚಿತ್ರ ಕೊಟ್ಟರು, ನೀರಲ್ಲಿ ನೆನೆಸಿ ಮೆತ್ತುವುದು. ಒಂದು ಮಳೆಗಾಲಕ್ಕೆ ಮೂಲೆ ಎದ್ದು ಕೈಬೀಸುತ್ತಿತ್ತು. ಅರವತ್ತಮೂರರಲ್ಲಿ ಮತ್ತೊಮ್ಮೆ ನೀರು ಕಲ್ಲಾಯಿತು, ಆ ಸಲ ಕರಗಿದ ಮೇಲೆ ಸರಕು ಕೊಡುವವರು ಯಾರೂ ಇರಲಿಲ್ಲ, ಎಲ್ಲ ಲಾರಿಗೆ ಹೋಗಿತ್ತು. ದೋಣಿ ಒಪ್ಪಿಸಿ ಮನೆ ತೆಗೆದುಕೊಳ್ಳಿ ಎಂದರು. ಒಪ್ಪಿಸುವ ದಿನ ಬೆಳಗ್ಗೆ ನಿನ್ನಜ್ಜ ತಿರುಪುಗಳನ್ನು ಬಿಚ್ಚಿ ಬಾಗಿಲೆರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಇಳಿದ. ಗುಮಾಸ್ತ ಏನೋ ಹೇಳಲು ಬಂದ, ನಿನ್ನಜ್ಜನ ಮುಖ ನೋಡಿ ದಾರಿ ಬಿಟ್ಟ. ವರ್ಬೀನಾವನ್ನು ಇನ್ನೂ ಮೂವತ್ತರ ಜೊತೆ ಜಲ್ಲಿ ತೆಗೆದ ಹಳ್ಳಕ್ಕೆ ಎಳೆದುಕೊಂಡು ಹೋಗಿ ಮುಳುಗಿಸಿದರು. ನಾವು ನೋಡಲು ಹೋಗಲಿಲ್ಲ. ಹೋದವರು ಹೇಳಿದರು, ಪೂರ್ತಿ ಮುಳುಗಲು ಇಡೀ ಒಂದು ಮಧ್ಯಾಹ್ನ ಹಿಡಿಯಿತಂತೆ.

ಆ ಬಾಗಿಲುಗಳು ನಾಲ್ಕು ವರ್ಷ ಈ ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಣಿ ಹೊದ್ದು ನಿಂತಿದ್ದವು. ಆಗ ನಿನ್ನ ಕಾಗದ ಬಂತು.

ನಿನ್ನಜ್ಜ ಆ ವಾರ ಎದೆ ಕಟ್ಟಿ ಆಸ್ಪತ್ರೆ ಸೇರಿದ್ದ. ನಾನೊಬ್ಬಳೇ ಶೆಡ್ಡಿಗೆ ಹೋಗಿ ಗೋಣಿ ತೆಗೆದು ನೋಡಿದೆ. ಮಸಿ, ಜಿಡ್ಡು, ಕೆಳಗಿನ ಅಂಚಿನಲ್ಲಿ ಬೂಷ್ಟು. ಇದನ್ನು ಕಾವೆಂಟ್ರಿಯ ವಿದ್ಯುದ್ದೀಪದ ಮನೆಗೆ, ನಿನ್ನತ್ತೆಯ ಕಣ್ಣೆದುರಿಗೆ, ಹುಟ್ಟುವ ಕೂಸಿನ ತಲೆಯ ಹತ್ತಿರ ಕಳಿಸುವುದೇ? ದೋಣಿಯವರ ಕೊಳಕು ನೋಡಿ ಎಂದು ಅವರು ಅನ್ನುವುದಿಲ್ಲವೇ? ನೀನು ‘ಇದ್ದ ಹಾಗೇ’ ಎಂದು ಗೀಟು ಎಳೆದು ಬರೆದದ್ದನ್ನು ನಾನು ಓದಿದೆ, ಹೆಸ್ಟರ್. ಓದಲಿಲ್ಲ ಎಂದು ಸುಳ್ಳು ಹೇಳಲಾರೆ. ಅದು ನಿನ್ನ ಒಳ್ಳೆಯ ನಡತೆ ಎಂದುಕೊಂಡೆ. ಪಾಪ, ಅಜ್ಜಿಗೆ ತೊಂದರೆ ಬೇಡ ಎಂದು ಹಾಗೆ ಬರೆದಿದ್ದಾಳೆ ಎಂದುಕೊಂಡೆ. ನಮ್ಮಲ್ಲಿ ಯಾರಾದರೂ ಬಾಗಿಲನ್ನೋ ನೀರಿನ ಕ್ಯಾನನ್ನೋ ಕೇಳಿ, ಇದ್ದ ಹಾಗೇ ಕೊಡಿ ಎಂದರೆ ಅದು ಸಂಕೋಚದ ಮಾತು. ಕೊಡುವವರು ಹೊಸ ಬಣ್ಣ ಹಾಕಿಸಿಯೇ ಕೊಡಬೇಕು. ಹಳೆಯದನ್ನು ಹಾಗೇ ಕೊಡುವುದು ತಂಗಳನ್ನ ಬಡಿಸಿದ ಹಾಗೆ.

ಪಕ್ಕದ ಮನೆಯ ಕೂಸಿನ ತಳ್ಳುಗಾಡಿ ಬೇಡಿ ತಂದು, ಕೂಸು ಮಲಗಿಸುವ ಜಾಗದಲ್ಲಿ ಬಾಗಿಲುಗಳನ್ನು ಮಲಗಿಸಿಕೊಂಡು ಎರಡು ಮೈಲಿ ತಳ್ಳಿದೆ. ಅಬ್ನರ್‌ಗೆ ಈಗ ಎಪ್ಪತ್ತೆಂಟು. ದೋಣಿಗಳು ಹೋದ ಮೇಲೆ ಪೇಟೆಯವರಿಗೆ ಮೊರದಷ್ಟು ಹಲಗೆಗಳ ಮೇಲೆ ಕೋಟೆ ಬರೆದುಕೊಟ್ಟು ಬದುಕಿದ್ದಾನೆ.

“ಇದು ಸೆಲೀನಾದಲ್ವೇನೇ ಥರ್ಜಾ? ಇದನ್ನೂ ಕೆರೀಲಾ?”

“ಮತ್ತೆ ಇದನ್ನ ನೋಡೋಕೆ ಇಷ್ಟು ದೂರ ತಳ್ಕೊಂಡು ಬಂದ್ನಾ? ಅವಳ ಮಗಳಿಗೆ ಹೋಗ್ತಿದೆ, ಚೆನ್ನಾಗಿರ್ಲಿ. ನಿನ್ನ ಕೈಲಿ ಎಷ್ಟಾಗುತ್ತೋ ಅಷ್ಟು ಚೆನ್ನಾಗಿ ಮಾಡು.”

ಅವನು ಉರಿಯುವ ದೀಪ ಹಿಡಿದು ಬಣ್ಣ ಗುಳ್ಳೆ ಎಬ್ಬಿಸಿ ಬೋಳುಮರ ಕಾಣುವವರೆಗೆ ಕೆರೆದ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ನೋಡಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ. ಹಲ್ಲುಜ್ಜುವಾಗ ಏನಾದರೂ ಅನ್ನಿಸುತ್ತದೆಯೇ, ಹಾಗೆ. ಮೂರು ವಾರದ ಮೇಲೆ ಹೋಗಿ ತಂದೆ. ಬೆಳಕು ಬಿದ್ದರೆ ಕಣ್ಣು ಕೋರೈಸುವ ಹಾಗಿದ್ದವು. ಹದಿನೆಂಟು ಗುಲಾಬಿ, ಎರಡು ಕೋಟೆ. ಕೆಜಾಯಾ ಇದ್ದಿದ್ದರೆ ತೋರಿಸುತ್ತಿದ್ದೆ.

ಅಷ್ಟರಲ್ಲಿ ನಿನ್ನಜ್ಜ ಮನೆಗೆ ಬಂದಿದ್ದ. ಅವನ ಮುಂದೆ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಬಹಳ ಹೊತ್ತು ನೋಡಿದ. ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮೇಲಿಂದ ಊಟ ಮಾಡು ಎಂದರೆ ಮಾಡುತ್ತಾನೆ, ಮಲಗು ಎಂದರೆ ಮಲಗುತ್ತಾನೆ.

ಅವತ್ತು ಸಂಜೆ ನಿನ್ನ ಕಾಗದವನ್ನು ಮತ್ತೆ ತೆಗೆದೆ. ಅದರಲ್ಲಿ ಇನ್ನೊಂದು ಸಾಲಿತ್ತು. ಅವಳ ಕುಂಚ ಎಲ್ಲಿ ನಿಂತಿತು, ಎಲ್ಲಿ ತಿರುಗಿತು ಎಂದು ಬೆರಳು ಇಟ್ಟು ನೋಡುತ್ತೇನೆ ಎಂದು ನೀನು ಬರೆದಿದ್ದೆ. ಮೊದಲ ಸಲ ಓದಿದಾಗ ಅದು ನನಗೆ ಪುಸ್ತಕದ ಮಾತಿನ ಹಾಗೆ ಕೇಳಿಸಿತ್ತು. ಆಗ ತಿಳಿಯಿತು. ನಿನಗೆ ಬೇಕಾಗಿದ್ದದ್ದು ಬಾಗಿಲಲ್ಲ, ಹೂವೂ ಅಲ್ಲ. ಆ ಮಸಿಯ ಕೆಳಗೆ ಇದ್ದದ್ದು.

ಮರುದಿನ ಬೆಳಗ್ಗೆ ಅಬ್ನರ್ ಹತ್ತಿರ ಹೋದೆ. ಕೆರೆದ ಬಣ್ಣ ಎಲ್ಲಿ ಎಂದು ಕೇಳಿದೆ. “ಒಲೆಗೆ ಹಾಕ್ದೆ ಕಣೇ, ಇನ್ನೇನ್ಮಾಡ್ತಾರೆ ಅದನ್ನ?” ಎಂದ. ಬೆಂಚಿನ ಕೆಳಗೆ ಮಂಡಿಯೂರಿ ಹುಡುಕಿದೆ. ಉಗುರಿನಷ್ಟು ಎರಡು ಚೂರು ಸಿಕ್ಕವು, ಸುಟ್ಟು ಸುರುಳಿಯಾಗಿದ್ದವು. ಅವು ನಮ್ಮ ಬಾಗಿಲಿನವೋ, ಬೇರೆ ಯಾರ ಹಲಗೆಯವೋ. ಹೊರಗೆ ಬಂದು ಬೀಳಿಸಿಬಿಟ್ಟೆ.

ನನ್ನ ಮುಖ ನೋಡಿ ಅವನಿಗೂ ಸಂಕಟವಾಯಿತು. ಒಂದು ಉಪಾಯ ಹೇಳಿದ.

“ತಗೊಂಡ್ಬಾ ಥರ್ಜಾ. ನಾನು ಎಡಗೈಲಿ ಬಿಡಿಸ್ತೀನಿ. ಅವಳ ಥರಾನೇ ಉಲ್ಟಾ. ಮೇಲೆ ಸ್ವಲ್ಪ ಟೀ ಡಿಕಾಕ್ಷನ್ ಸವರಿದ್ರೆ ಹಳೇದಾಗುತ್ತೆ. ಆ ಹುಡ್ಗಿ ಯಾವತ್ತು ನೋಡಿದ್ಲು, ಅವಳಿಗೇನು ಗೊತ್ತಾಗುತ್ತೆ?”

“ನಿನ್ನ ಎಡಗೈ ಅವಳ ಕೈ ಆಗುತ್ತೇನೋ ಮುದುಕಾ?” ಎಂದು ಬೈದು ಬಂದೆ. ಬೈದೆ ಎಂದು ನನ್ನನ್ನು ದೊಡ್ಡವಳು ಎಂದುಕೊಳ್ಳಬೇಡ. ಹಾಳಾದವು ಎಂದೆನಲ್ಲ ಆ ನಾಲ್ಕು ಹಾಳೆ, ನಾಲ್ಕರಲ್ಲೂ ನಾನು ಬರೆದದ್ದು ಏನು ಗೊತ್ತೇ? ‘ನಿನ್ನಮ್ಮನ ಗುಲಾಬಿ ಕಳಿಸುತ್ತಿದ್ದೇನೆ, ಜೋಪಾನವಾಗಿ ಇಟ್ಟುಕೊಂಡಿದ್ದೆ, ಅದಕ್ಕೇ ಹೊಸದರ ಹಾಗೆ ಇವೆ’ ಎಂದು. ಬರೆಯುವಾಗ ಸಲೀಸಾಗಿ ಬರುತ್ತಿತ್ತು. ಹೆಸರು ಹಾಕುವ ಜಾಗಕ್ಕೆ ಬಂದಾಗ ಪ್ರತಿ ಸಲವೂ ಕೈ ನಿಂತುಹೋಗುತ್ತಿತ್ತು. ಎರಡು ಚಳಿಗಾಲದ ಶಾಲೆ ನನ್ನದು, ಹಿಂದಿನ ಬೆಂಚಿನಲ್ಲಿ, ದೋಣಿಯ ಮಕ್ಕಳನ್ನು ಬೇರೆ ಕೂರಿಸುತ್ತಿದ್ದರು. ಅಲ್ಲಿ ಕಲಿತ ಅಕ್ಷರದಲ್ಲಿ ಓದಲು ಬಾರದ ಎಷ್ಟೋ ಜನರಿಗೆ ಕಾಗದ ಬರೆದುಕೊಟ್ಟಿದ್ದೇನೆ, ಅವರು ಹೇಳಿದ ಸುಳ್ಳುಗಳನ್ನೆಲ್ಲ ಬರೆದಿದ್ದೇನೆ. ನನ್ನದೇ ಒಂದನ್ನು ಬರೆಯಲು ಆಗಲಿಲ್ಲ.

ಅವಳದು ಬೇರೆ ಏನಾದರೂ ಉಳಿದಿದೆಯೇ ಎಂದು ಮನೆಯೆಲ್ಲ ತಡಕಿದೆ. ಅವಳ ಉಡುಪುಗಳನ್ನು ನಾನೇ ತೊಟ್ಟು ಹರಿದು ನೆಲ ಒರೆಸಿದ್ದೇನೆ. ಅವಳು ಬಣ್ಣ ಹಾಕಿದ್ದ ನೀರಿನ ಕ್ಯಾನು ತುಕ್ಕು ಹಿಡಿದು ತೂತಾಯಿತು, ಕಾಲುವೆಗೆ ಎಸೆದೆವು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ ಒಂದು ಚೀಟಿಯೂ ಇಲ್ಲ. ಗೋರಿಯ ಮೇಲಿದ್ದ ಮರದ ಗುರುತು ಕೊಳೆತುಹೋಗಿ, ಅವಳು ಯಾವ ಸಾಲಿನಲ್ಲಿದ್ದಾಳೆ ಎಂದು ನನಗೂ ನಿನ್ನಜ್ಜನಿಗೂ ಒಮ್ಮತವಿಲ್ಲ. ನಾನು ಒಂದು ಕಡೆ ನಿಲ್ಲುತ್ತೇನೆ, ಅವನು ಇನ್ನೊಂದು ಕಡೆ.

ಬಾಗಿಲುಗಳನ್ನು ಕಳಿಸುತ್ತಿದ್ದೇನೆ, ಯಾಕೆಂದರೆ ಕಳಿಸು ಎಂದು ನೀನು ಬರೆದಿದ್ದೆ. ಮರ ಮಾತ್ರ ಅವಳು ಮುಟ್ಟಿದ್ದು. ಗುಲಾಬಿ ಅಬ್ನರ್‌ನದು, ಒಳ್ಳೆಯ ಕೆಲಸವೇ. ಗೋಡೆಗೆ ಹಾಕುತ್ತೀಯೋ, ಒಲೆಗೆ ಹಾಕುತ್ತೀಯೋ, ನಾನು ಕೇಳುವುದಿಲ್ಲ. ಕ್ಷಮಿಸು ಎಂದು ಬರೆಯುವುದೂ ಇಲ್ಲ. ಅದನ್ನು ಬರೆದರೆ ನೀನು ಉತ್ತರ ಬರೆಯಬೇಕಾಗುತ್ತದೆ. ಹೆರಿಗೆಯ ಹೊತ್ತಿನಲ್ಲಿ ನಿನಗೆ ಆ ಭಾರ ಬೇಡ.

ಹಾಲು ಚೆನ್ನಾಗಿ ಕುಡಿ. ಒದ್ದೆ ಜಾಗದಲ್ಲಿ ಕಾಲಿಡುವಾಗ ನೋಡಿಕೊಂಡು ಇಡು.

ಇಂತಿ,
ನಿನ್ನಮ್ಮನ ಅಮ್ಮ
ಥರ್ಜಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಆಗಿತ್ತು. ನಿನ್ನಜ್ಜ ಇದ್ದಕ್ಕಿದ್ದ ಹಾಗೆ ಕುರ್ಚಿಯ ಮೇಲಿಂದಲೇ ಕೇಳಿದ, “ಎಲ್ಲಾ ಬರ್ದ್ಯಾ?” ಎಂದು. ಬರೆದೆ ಎಂದೆ. “ಕಿಟಕಿದೂ?” ಎಂದ. ಲಕೋಟೆ ಹರಿದು ಮತ್ತೆ ಕೂತಿದ್ದೇನೆ.

ಕೆರೆಯುವ ಮುಂಚೆ ಅಬ್ನರ್ ಎಡಬಾಗಿಲನ್ನು ಬೆಳಕಿಗೆ ಹಿಡಿದು, ಎಣ್ಣೆ ಬಟ್ಟೆಯಿಂದ ಒಂದು ಕಡೆ ಉಜ್ಜಿ ನೋಡಿದ. “ಥರ್ಜಾ, ಇಲ್ಲಿ ಕೋಟೆ ಕಿಟಕೀಲಿ ಯಾರೋ ನಿಂತವ್ರೆ ಕಣೇ” ಎಂದ. ನಮ್ಮ ಕೋಟೆಗಳಲ್ಲಿ ಯಾರೂ ಮನುಷ್ಯರನ್ನು ಬರೆಯುವುದಿಲ್ಲ, ನೂರು ವರ್ಷದಿಂದ ಖಾಲಿ ಕೋಟೆಗಳು ಅವು. ಗೋಧಿ ಕಾಳಿನಷ್ಟು ಇತ್ತಂತೆ. ನನ್ನ ಕಣ್ಣಿಗೆ ಪೊರೆ, ಕಾಣಲಿಲ್ಲ. ಕಾಣಬೇಕೆಂದೂ ಅನ್ನಿಸಲಿಲ್ಲ. ಇನ್ಯಾರು, ನಿನ್ನಪ್ಪನೇ ಇರಬೇಕು ಎಂದುಕೊಂಡೆ. ನಮ್ಮ ಬಾಗಿಲು ನೋಡಿ, ಈ ಅರಮನೆಗೆ ಬಾಡಿಗೆ ಎಷ್ಟು ಅತ್ತೆ, ಎಂದು ನಗುತ್ತಿದ್ದವನು ಅವನು. ನನ್ನ ಮಗಳು ಅವನನ್ನು ರಾಜನ ಹಾಗೆ ಅಲ್ಲಿ ನಿಲ್ಲಿಸಿದ್ದಾಳೆ ಎಂದು ಮೈಯೆಲ್ಲ ಉರಿಯಿತು. “ಮೊದ್ಲು ಅದನ್ನೇ ಕೆರ್ದು ಹಾಕು” ಎಂದೆ. ಅಬ್ನರ್ ಮತ್ತೊಂದು ಸಲ ಕೇಳಿದ. ನಾನೂ ಮತ್ತೊಂದು ಸಲ ಹೇಳಿದೆ.

ಹೊಸ ಬಾಗಿಲು ನೋಡಿದ ದಿನ ನಿನ್ನಜ್ಜ ಎದ್ದುಬಂದು, ಆ ಕಿಟಕಿಯ ಮೇಲೆ ಹೆಬ್ಬೆರಳು ಇಟ್ಟು ಸವರಿದ. ಹದಿನಾರು ವರ್ಷ ಬೆಳಗ್ಗೆ ಎದ್ದ ತಕ್ಷಣ ಅವನು ಅಲ್ಲಿಗೆ ಬೆರಳು ಇಡುತ್ತಿದ್ದನಂತೆ, ನಾನು ಅದನ್ನು ಚಿಲಕ ತೆಗೆಯುವುದು ಎಂದುಕೊಂಡಿದ್ದೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಇವಳೆಲ್ಲಿ? ಮಗೂನ ಎತ್ಕೊಂಡು ನಿಂತಿದ್ಲಲ್ಲ, ಇವಳೆಲ್ಲಿ?”

ಆ ಮಗು ನೀನು, ಹೆಸ್ಟರ್.